ಪ್ಯಾಲಿಯೊ + 16:8 ಉಪವಾಸ + ಬೆಳಿಗ್ಗೆ ಜಿಮ್: ಮೂರೂ ಒಟ್ಟಿಗೆ ನಡೆಸೋದು ಹೇಗೆ?

ಜೋಳದರೊಟ್ಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಯಸ್ಸು 36, ಎತ್ತರ 172 ಸೆಂ.ಮೀ., ತೂಕ 78 ಕೆಜಿ. ಬಿಪಿ, ಶುಗರ್, ಥೈರಾಯ್ಡ್ ಯಾವುದೂ ಇಲ್ಲ, ಮಾತ್ರೆನೂ ಇಲ್ಲ.

ಮೂರು ವಾರದಿಂದ ಪ್ಯಾಲಿಯೊ, ಅಂದ್ರೆ ಶಿಲಾಯುಗದವರ ಹಾಗೆ ತಿನ್ನೋ ಪಥ್ಯ: ಅನ್ನ, ರೊಟ್ಟಿ, ಬೇಳೆ, ಹಾಲು-ಮೊಸರು, ಸಕ್ಕರೆ ಪೂರ್ತಿ ಬಂದ್. ಜೊತೆಗೆ 16:8, ಅಂದ್ರೆ 16 ಗಂಟೆ ಉಪವಾಸ, ಉಳಿದ 8 ಗಂಟೇಲಿ ಊಟ: ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ. ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೇಲಿ ವ್ಯಾಯಾಮ: ವಾರಕ್ಕೆ ಮೂರು ದಿನ ಜಿಮ್‌ನಲ್ಲಿ ಭಾರ, ಎರಡು ದಿನ 5 ಕಿ.ಮೀ. ಓಟ.

ತಿನ್ನೋದು: 12ಕ್ಕೆ ಮೂರು ಬೇಯಿಸಿದ ಮೊಟ್ಟೆ, ಸೌತೆಕಾಯಿ, ಒಂದು ಹಿಡಿ ಬಾದಾಮಿ. 4ಕ್ಕೆ ಎರಡು ಏಲಕ್ಕಿ ಬಾಳೆಹಣ್ಣು. 7:30ಕ್ಕೆ 150 ಗ್ರಾಂ ಚಿಕನ್ ಮತ್ತು ಪಲ್ಯ. ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣ, ಅದೂ ಚಿಟಿಕೆಯಷ್ಟು.

ಮೊದಲ ವಾರ ಎರಡೂವರೆ ಕೆಜಿ ಇಳೀತು. ಆದರೆ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) 100 ಕೆಜಿಯಿಂದ 85ಕ್ಕೆ ಬಂದಿದೆ, ಬೆಳಿಗ್ಗೆ 10ರ ಹೊತ್ತಿಗೆ ಎದ್ದು ನಿಂತರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ, ಎರಡು ದಿನಕ್ಕೊಮ್ಮೆ ಕಷ್ಟಪಟ್ಟು ಮಲವಿಸರ್ಜನೆ. ಮೂರರಲ್ಲಿ ಒಂದನ್ನ ಬಿಡಬೇಕಾ, ಇಲ್ಲ ಬೇರೆ ಎಲ್ಲೋ ತಪ್ಪಿದ್ದೀನಾ?

---

ಗರಡಿಮನೆ

ಮೂರನ್ನೂ ಇಟ್ಟುಕೊಳ್ಳಬಹುದು. ಆದರೆ ನೀವು ಈಗ ಮಾಡ್ತಿರೋದು ಪ್ಯಾಲಿಯೊಗಿಂತ ಹೆಚ್ಚಾಗಿ ಅರೆಹೊಟ್ಟೆ. ಲೆಕ್ಕ ಹಾಕೋಣ.

ಪ್ರೋಟೀನ್: ಮೂರು ಮೊಟ್ಟೆಗೆ 18 ಗ್ರಾಂ, 30 ಗ್ರಾಂ ಬಾದಾಮಿಗೆ 6, ಹಸಿಯಲ್ಲಿ ತೂಗಿದ 150 ಗ್ರಾಂ ಚಿಕನ್‌ಗೆ 33, ತರಕಾರಿ-ಹಣ್ಣಿಂದ ಒಂದೈದು. ಒಟ್ಟು 62. ಭಾರ ಎತ್ತುವವರಿಗೆ ಪ್ರತಿ ಕೆಜಿ ತೂಕಕ್ಕೆ 1.6 ಗ್ರಾಂ ಬೇಕು, ನಿಮಗೆ 120-125. ಅಂದ್ರೆ ಅರ್ಧ ಮಾತ್ರ ಸಿಗ್ತಿದೆ.

ಕ್ಯಾಲೊರಿ: ಎಣ್ಣೆ ಸೇರಿಸಿದರೂ ನಿಮ್ಮ ಪಟ್ಟಿ 1000ದ ಆಸುಪಾಸು. ನಿಮ್ಮ ಮೈಕಟ್ಟಿಗೆ ಸುಮ್ಮನೆ ಮಲಗಿದ್ದರೂ ಸುಮಾರು 1680 ಖರ್ಚಾಗುತ್ತೆ, ಈ ವ್ಯಾಯಾಮ ಸೇರಿದರೆ 2400-2500. ದಿನಕ್ಕೆ 1500ರ ಕೊರತೆ ಇಟ್ಟುಕೊಂಡು ಡೆಡ್‌ಲಿಫ್ಟ್ ಏರಲಿ ಅಂದ್ರೆ ಆಗಲ್ಲ. 2000-2100ಕ್ಕೆ ತನ್ನಿ. ನಿಧಾನವಾಗಿ ಇಳೀತೀರಿ, ಆದರೆ ಇಳಿಯೋದು ಕೊಬ್ಬು.

ಮೊದಲ ವಾರದ ಎರಡೂವರೆ ಕೆಜಿ ನೋಡಿ ಮೋಸ ಹೋಗಬೇಡಿ. ಯಕೃತ್ತು, ಸ್ನಾಯುಗಳಲ್ಲಿರೋ ಗ್ಲೈಕೋಜನ್ (ಮೈ ಕೂಡಿಟ್ಟ ಪಿಷ್ಟ) ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತೆ. ಪಿಷ್ಟ ನಿಲ್ಲಿಸಿದ ತಕ್ಷಣ ಎರಡೂ ಹೋಗುತ್ತೆ. ಅದರಲ್ಲಿ ಹೆಚ್ಚಿನ ಪಾಲು ನೀರೇ.

ಇನ್ನು ಸಮಯ. ನಿಮ್ಮ ಹೊಂದಾಣಿಕೆಯಲ್ಲಿ ಅತಿ ದೊಡ್ಡ ಎಡವಟ್ಟು ಇದೇ: 7 ಗಂಟೆಗೆ ಭಾರ ಎತ್ತಿ ಮುಗಿಸಿ, 12ರವರೆಗೆ ಏನೂ ತಿನ್ನಲ್ಲ. ಹಿಂದಿನ ರಾತ್ರಿ 8ರಿಂದಲೇ ಖಾಲಿ ಇದ್ದ ಮೈ, ಪೆಟ್ಟು ತಿಂದ ಸ್ನಾಯುವನ್ನ ರಿಪೇರಿ ಮಾಡೋಕೆ ಸಾಮಾನಿಲ್ಲದೆ ಐದು ಗಂಟೆ ಕೂರುತ್ತೆ. ಎರಡು ದಾರಿ ಇದೆ.

ಒಂದು, ಜಿಮ್ ಸಂಜೆಗೆ ತನ್ನಿ. 12ಕ್ಕೆ ಗಟ್ಟಿ ಊಟ (4 ಮೊಟ್ಟೆ, 200 ಗ್ರಾಂ ಬೇಯಿಸಿದ ಗೆಣಸು, ಸೊಪ್ಪಿನ ಪಲ್ಯ, ಎರಡು ಚಮಚ ಕಾಯಿತುರಿ), 4ಕ್ಕೆ ಎರಡು ಬಾಳೆಹಣ್ಣು, 5:30ಕ್ಕೆ ಜಿಮ್, 7:30ಕ್ಕೆ ದಿನದ ದೊಡ್ಡ ಊಟ. ಮನೆಯವರ ಜೊತೆ ಕೂತು ತಿನ್ನಬಹುದು ಅನ್ನೋದು ಇದರ ಲಾಭ. ನನ್ನ ಓಟು ಇದಕ್ಕೆ.

ಎರಡು, ಬೆಳಿಗ್ಗೆನೇ ಜಿಮ್ ಆಗಬೇಕು ಅಂದ್ರೆ ಊಟದ ಹೊತ್ತನ್ನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಇಟ್ಟುಕೊಳ್ಳಿ. ಸಂಜೆ ಮನೆಯಲ್ಲಿ ಒಗ್ಗರಣೆ ವಾಸನೆ ಬರುವಾಗ ಸುಮ್ಮನಿರೋದು ಕಷ್ಟ, ಬಹಳ ಜನ ಇಲ್ಲೇ ಬಿಡ್ತಾರೆ.

ಓಟಕ್ಕೆ ಈ ತೊಂದರೆ ಇಲ್ಲ. ಓಡ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗುವ ವೇಗದಲ್ಲಿ 30-40 ನಿಮಿಷ ಆದರೆ ಖಾಲಿ ಹೊಟ್ಟೆ ಸಾಕು, ಆ ವೇಗಕ್ಕೆ ಉರುವಲಿನ ದೊಡ್ಡ ಪಾಲು ಕೊಬ್ಬಿಂದ ಬರುತ್ತೆ. ಸ್ಪ್ರಿಂಟ್, ಏರುಮುಖ ಓಟ, ಒಂದೇ ಸಮನೆ ನೂರಿನ್ನೂರು ಬಸ್ಕಿ ಇಂಥವನ್ನ ಖಾಲಿ ಹೊಟ್ಟೇಲಿ ಬೇಡ. ಅವು ಗ್ಲೈಕೋಜನ್ ಮೇಲೆ ನಡೆಯೋ ಕೆಲಸ.

---

ಪಥ್ಯಪಾನ

ಗರಡಿಮನೆಯವರು ಊಟದ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಕಣ್ಣು ಕತ್ತಲೆ ಮತ್ತು ಮೀನಖಂಡದ ವಿಷಯಕ್ಕೆ ಬರ್ತೀನಿ.

ಅದು ಬಹುಪಾಲು ಉಪ್ಪಿನ ಕೊರತೆ. ಉಪವಾಸದಲ್ಲೂ ಪಿಷ್ಟ ಕಡಿಮೆ ಮಾಡಿದಾಗಲೂ ಇನ್ಸುಲಿನ್ ಇಳಿಯುತ್ತೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಹಿಡಿದಿಟ್ಟುಕೊಳ್ಳದೆ ಮೂತ್ರದಲ್ಲಿ ಬಿಡುತ್ತೆ, ಹಿಂದೆಯೇ ನೀರೂ ಹೋಗುತ್ತೆ. ನೀವು ಬೆವರಲ್ಲಿ ಇನ್ನಷ್ಟು ಕಳ್ಕೊಂಡು, ಊಟದಲ್ಲಿ ಚಿಟಿಕೆ ಹಾಕ್ತಿದ್ದೀರಿ. ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿಂಡಿಯಿಂದ ಗೊತ್ತಿಲ್ಲದೆ ಬರ್ತಿದ್ದ ಉಪ್ಪೂ ನಿಂತಿದೆ.

ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಅರ್ಧ ಲೀಟರ್ ನೀರಿಗೆ ಕಾಲು ಟೀ ಚಮಚ (ಸುಮಾರು ಒಂದೂವರೆ ಗ್ರಾಂ) ಉಪ್ಪು, ಅರ್ಧ ನಿಂಬೆ, ಸಕ್ಕರೆ ಇಲ್ಲದೆ. ಇದರಿಂದ ಉಪವಾಸ ಮುರಿಯಲ್ಲ. ಅಡುಗೆಗೂ ನಾಲಿಗೆ ಕೇಳುವಷ್ಟು ಹಾಕಿ. ವಾರಕ್ಕೆ ಎರಡು ಸಲ ಕಾಲು ಸೂಪ್ ಮಾಡಿದರೆ ಇನ್ನೂ ಒಳ್ಳೇದು. ಪೊಟ್ಯಾಸಿಯಂಗೆ ಸೊಪ್ಪು, ಬಾಳೆ, ಗೆಣಸು, ಎಳನೀರು ಇದೆ. ಎಳನೀರನ್ನ ಊಟದ ಹೊತ್ತಿನ ಒಳಗೇ ಕುಡೀರಿ, ಒಂದು ಲೋಟದಲ್ಲಿ 40-50 ಕ್ಯಾಲೊರಿ ಇರುತ್ತೆ. ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರೋರು ಈ ಉಪ್ಪುನೀರನ್ನ ಅನುಕರಿಸಬೇಡಿ. ಉಪ್ಪು ಕೂಡಿಸಿ ಒಂದು ವಾರವಾದರೂ ಕಣ್ಣು ಕತ್ತಲೆ ಬರ್ತಿದ್ದರೆ ಬಿಪಿ ಮತ್ತು ಹಿಮೋಗ್ಲೋಬಿನ್ ನೋಡಿಸಿ.

ಸೈಂಧವ ಲವಣ ಬಿಡಿ. ಹಾಲೂ ಇಲ್ಲ, ಅಯೋಡಿನ್ ಉಪ್ಪೂ ಇಲ್ಲ, ವಾರದಲ್ಲಿ ಸಮುದ್ರದ ಮೀನೂ ಇಲ್ಲ ಅಂದ್ರೆ ಥೈರಾಯ್ಡ್‌ಗೆ ಅಯೋಡಿನ್ ಎಲ್ಲಿಂದ ಬರಬೇಕು?

ಕ್ಯಾಲ್ಸಿಯಂ ಇನ್ನೊಂದು ತೂತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪಟ್ಟಿ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ. ಹಾಲು-ಮೊಸರು, ರಾಗಿ ಎರಡೂ ಒಂದೇ ದಿನ ಬಿಟ್ಟರೆ ನಮ್ಮ ಊಟದ ಕ್ಯಾಲ್ಸಿಯಂನ ದೊಡ್ಡ ಪಾಲು ಹೋಯ್ತು (100 ಗ್ರಾಂ ರಾಗೀಲಿ 350ರ ಹತ್ತಿರ ಇದೆ). ಪಾಲಕ್ ತಿಂತೀನಲ್ಲ ಅನ್ನಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನ ಕಟ್ಟಿಹಾಕುತ್ತೆ, ನೂರಕ್ಕೆ ಐದರಷ್ಟು ಮೈಗೆ ಹತ್ತಿದರೆ ಹೆಚ್ಚು. ನುಗ್ಗೆಸೊಪ್ಪು, ಎಳ್ಳು, ಮುಳ್ಳು ಸಮೇತ ತಿನ್ನೋ ಸಣ್ಣ ಮೀನು ಇವನ್ನ ನಂಬಿ.

ಮಲಬದ್ಧತೆ: ಬೇಳೆ-ಧಾನ್ಯದ ನಾರು ಹೋಯ್ತು, ಅದರ ಜಾಗಕ್ಕೆ ಸೌತೆಕಾಯಿ ಬಂತು. ಸೌತೆಕಾಯಲ್ಲಿ ನೀರೇ ಜಾಸ್ತಿ. ಬೇಯಿಸುವ ಮೊದಲು ತೂಗಿದರೆ ದಿನಕ್ಕೆ 500 ಗ್ರಾಂ ತರಕಾರಿ-ಸೊಪ್ಪು, ಒಂದು ಸೀಬೆಹಣ್ಣು, ಒಂದು ಚಮಚ ಹುರಿದು ಪುಡಿ ಮಾಡಿದ ಅಗಸೆಬೀಜ, ಮೂರು ಲೀಟರ್ ನೀರು.

ಈ ಎಳೆ ಓದಿ ಮನೇಲಿ ಹಿರಿಯರಿಗೂ ಶುರುಮಾಡಿಸುವವರು ಇರ್ತಾರೆ, ಅದಕ್ಕೆ ಒತ್ತಿ ಹೇಳ್ತೀನಿ: ಶುಗರ್‌ಗೆ ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ತಗೊಳ್ಳೋರು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಮೇಲೆ ಇರೋರು ಉಪವಾಸ ಮಾಡಿ ಪಿಷ್ಟವನ್ನೂ ಬಿಟ್ಟರೆ, ಮೀಟರ್‌ನಲ್ಲಿ ಸಕ್ಕರೆ ಸರಿಯಾಗಿ ತೋರಿಸ್ತಿರುವಾಗಲೇ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗೋ ಅಪಾಯದ ಸ್ಥಿತಿ) ಆಗಬಹುದು. ವಾಕರಿಕೆ, ಹೊಟ್ಟೆನೋವು, ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ವಾರ್ಫರಿನ್ ತಗೊಳ್ಳೋರು ಸೊಪ್ಪಿನ ಪ್ರಮಾಣ ಏಕಾಏಕಿ ಏರಿಸಿದರೆ ರಕ್ತ ತೆಳುವಾಗಿಸೋ ಪರಿಣಾಮ ಕುಗ್ಗುತ್ತೆ. ಗೌಟ್ ಇರೋರಿಗೆ ಮಾಂಸ ಮತ್ತು ದೀರ್ಘ ಉಪವಾಸ ಎರಡೂ ಯೂರಿಕ್ ಆಸಿಡ್ ಏರಿಸುತ್ತೆ. ಇವರೆಲ್ಲ ಮೊದಲು ವೈದ್ಯರ ಹತ್ತಿರ ಮಾತ್ರೆ ಬದಲಾವಣೆ ಮಾತಾಡಿ. ಗರ್ಭಿಣಿಯರು, ಹಾಲೂಡಿಸುವವರು, 18ರೊಳಗಿನ ಮಕ್ಕಳಿಗೆ ಉಪವಾಸ ಬೇಡವೇ ಬೇಡ.

---

ಬೂತಾಯಿಗಸಿ

ಮುಳ್ಳು ಸಮೇತ ಅಂದ್ರಲ್ಲ, ಅದಕ್ಕೆ ಬೂತಾಯಿಯೇ ಬೇಕು. ಬಯಲುಸೀಮೆಯ ಮೀನು ಮಾರ್ಕೆಟ್‌ಗಳಲ್ಲೂ ಸಿಗ್ತದೆ. ಅರ್ಧ ಕೆಜಿ ಬೂತಾಯಿ ತಲೆ, ಹೊಟ್ಟೆ ತೆಗೆದು, ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಅರಿಶಿನ, ಮೆಣಸಿನಪುಡಿ, ಎರಡು ಚಮಚ ತೆಂಗಿನೆಣ್ಣೆ, ಕಾಲು ಲೋಟ ನೀರು ಹಾಕಿ ಕುಕ್ಕರ್‌ನಲ್ಲಿಡಿ. ಮೊದಲ ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 20-25 ನಿಮಿಷ. ಆವಿ ತಾನಾಗಿ ಇಳಿಯಲಿ, ಬೇಗ ತೆಗೆದರೆ ಮೀನು ಒಡೆದು ಮುದ್ದೆಯಾಗ್ತದೆ. ನಡುಮುಳ್ಳು ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು, ಆಗ ಹಾಗೇ ಅಗಿಯಬಹುದು. ಆಗದಿದ್ದರೆ ಇನ್ನೈದು ನಿಮಿಷ.

ಪಿಷ್ಟಕ್ಕೆ ಗೆಣಸೊಂದೇ ಅಂದ್ರೆ ಹತ್ತು ದಿನಕ್ಕೆ ಬೇಜಾರು ಬರ್ತದೆ. ಸುವರ್ಣಗೆಡ್ಡೆ ತನ್ನಿ, 100 ಗ್ರಾಂಗೆ ಸುಮಾರು 18 ಗ್ರಾಂ ಪಿಷ್ಟ. ಜನ ಹೆದರೋದು ತುರಿಕೆಗೆ. ಅದರೊಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು ಇರ್ತದೆ, ಅದೇ ಗಂಟಲಿಗೆ ಚುಚ್ಚೋದು. ಕೈ ಒಣಗಿರಬೇಕು, ಎಣ್ಣೆ ಸವರಿಕೊಳ್ಳಿ, ಸಿಪ್ಪೆ ದಪ್ಪಕ್ಕೆ ಹೆರೆದು ಒಂದಿಂಚಿನ ತುಂಡು ಮಾಡಿ. ಹುಳಿನೀರು, ಉಪ್ಪಿನಲ್ಲಿ 15 ನಿಮಿಷ ನೆನೆಸಿ, ಅದೇ ಹುಳಿಯಲ್ಲಿ ಚೆನ್ನಾಗಿ ಬೇಯಿಸಿ, ನೀರು ಬಸಿದು ಚೆಲ್ಲಿ. ಆಮೇಲೆ ಕಾವಲಿಯಲ್ಲಿ ತೆಂಗಿನೆಣ್ಣೆ, ಕಾಳುಮೆಣಸು, ಕರಿಬೇವು. ಕೆಸವಿನ ಗೆಡ್ಡೆಗೂ ಇದೇ ಕ್ರಮ.

ಗೋಡಂಬಿ, ಬಾದಾಮಿ ಡಬ್ಬ ಮೇಜಿನ ಮೇಲೆ ತೆರೆದಿಡಬೇಡಿ. 100 ಗ್ರಾಂ ಗೋಡಂಬಿ ಅಂದ್ರೆ 580 ಕ್ಯಾಲೊರಿ. ಮತ್ತೆ, ಕಡಲೆಕಾಯಿ ಪ್ಯಾಲಿಯೊ ಲೆಕ್ಕದಲ್ಲಿ ಬರೋದಿಲ್ಲ, ಅದು ದ್ವಿದಳ ಧಾನ್ಯ.

---

ಜೋಳದರೊಟ್ಟಿ

ಎಲ್ಲರಿಗೂ ಧನ್ಯವಾದ, ಸಂಜೆ ಜಿಮ್‌ಗೆ ಬದಲಾಯಿಸ್ತೀನಿ. ಇನ್ನೂ ಮೂರು ಪ್ರಶ್ನೆ. ಬೆಳಗಿನ ಫಿಲ್ಟರ್ ಕಾಫಿ? ಮನೆಯವರು ಮೊಟ್ಟೆನೂ ತಿನ್ನಲ್ಲ, ಅವರಿಗೆ ಪ್ಯಾಲಿಯೊ ಸಾಧ್ಯನಾ? ಅವರ ಏಕಾದಶಿಯ ದಿನ ನಾನೂ ಉಪವಾಸ ಇರ್ತೀನಿ, ಆ ದಿನ ಹೇಗೆ?

---

ದ್ವಾದಶಿಪಾರಣೆ

ಕಾಫಿ: ಬರೀ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ ಕುಡಿದರೆ ತೊಂದರೆ ಇಲ್ಲ. ಹಾಲು, ಸಕ್ಕರೆ ಬಿದ್ದರೆ ಅದು ಊಟವೇ, ಮಜ್ಜಿಗೆಯೂ ಅಷ್ಟೇ.

ಮನೆಯವರ ವಿಷಯದಲ್ಲಿ ನೇರ ಮಾತು: ಮೊಟ್ಟೆ, ಹಾಲು, ಬೇಳೆ ಮೂರೂ ಇಲ್ಲದೆ ಸಸ್ಯಾಹಾರಿ ಪ್ಯಾಲಿಯೊ ಮಾಡಿಸಬೇಡಿ. 60 ಗ್ರಾಂ ಪ್ರೋಟೀನನ್ನ ಬಾದಾಮಿಯಿಂದಲೇ ತರಬೇಕು ಅಂದ್ರೆ 300 ಗ್ರಾಂ ತಿನ್ನಬೇಕು, ಅದೇ 1800 ಕ್ಯಾಲೊರಿ ದಾಟುತ್ತೆ, ಬಿ12 ಅದರಲ್ಲೂ ಇಲ್ಲ. ಸಕ್ಕರೆ, ಮೈದಾ, ಕರಿದದ್ದು, ಪ್ಯಾಕೆಟ್ ತಿಂಡಿ ಬಿಡಲಿ; ಮೊಸರು, 150 ಗ್ರಾಂ ಪನೀರ್ (ಸುಮಾರು 27 ಗ್ರಾಂ ಪ್ರೋಟೀನ್), ಮೊಳಕೆ ಕಟ್ಟಿದ ಹುರುಳಿ-ಹೆಸರು ಉಳಿಸಿಕೊಳ್ಳಲಿ. ಕಾಳಿನ ಲೆಕ್ಟಿನ್ (ಒಂದು ಬಗೆಯ ಪ್ರೋಟೀನ್) ಬಗ್ಗೆ ಹೆದರಿಸೋರಿದ್ದಾರೆ, ರಾತ್ರಿಯೆಲ್ಲ ನೆನೆಸಿ ನೀರು ಚೆಲ್ಲಿ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತೆ. ಉಪವಾಸ 12 ಗಂಟೆ ಸಾಕು. ಮುಟ್ಟು ಏರುಪೇರಾದರೆ ಅದನ್ನೂ ನಿಲ್ಲಿಸಿ ಊಟ ಹೆಚ್ಚಿಸಬೇಕು.

ಬೇಳೆ ಇಲ್ಲದ ಅಡುಗೆ ನಮಗೆ ಹೊಸದೇನಲ್ಲ. ಚಾತುರ್ಮಾಸ್ಯದ ನಾಲ್ಕನೇ ತಿಂಗಳು ದ್ವಿದಳ ವ್ರತ ಮಾಡುವ ಮನೆಗಳಲ್ಲಿ ಕೇಳಿ, ತೊಗರಿಬೇಳೆ ಹಾಕದೆ ಮೆಣಸು, ಜೀರಿಗೆ, ಕಾಯಿ ಅರೆದು ಮಾಡುವ ಸಾರಿನ ಹದ ಅವರಿಗೆ ಗೊತ್ತಿರುತ್ತೆ.

ಏಕಾದಶಿ: ಅವಲಕ್ಕಿ ಅಕ್ಕಿಯೇ, ಫಲಾಹಾರದ ಉಪ್ಪಿಟ್ಟು ಗೋಧಿಯೇ. ಸಬ್ಬಕ್ಕಿ ಮರಗೆಣಸಿನದ್ದಾದರೂ 100 ಗ್ರಾಂನಲ್ಲಿ 88ರಷ್ಟು ಪಿಷ್ಟ, ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು. ನೀವು ನಿರಾಹಾರ ಇರುವುದಾದರೆ ದಶಮಿ ರಾತ್ರಿಯಿಂದ ದ್ವಾದಶಿ ಬೆಳಿಗ್ಗೆವರೆಗೆ 34-36 ಗಂಟೆ ಆಗುತ್ತೆ. ಏಕಾದಶಿ ದಿನ ನಡಿಗೆ ಮಾತ್ರ. ನೀರೂ ಇಲ್ಲದ ಉಪವಾಸವಾದರೆ ಅದೂ ಬೇಡ. ಪಾರಣೆಗೆ ಮೊದಲು ನೀರು, ಆಮೇಲೆ ಪದ್ಧತಿಯ ನೆಲ್ಲಿಕಾಯಿ, ಅಗಸೆ ಮರದ ಸೊಪ್ಪಿನ ಪಲ್ಯ, ಸ್ವಲ್ಪ ಗೆಣಸು. ಒಂದು ಗಂಟೆ ಬಿಟ್ಟು ದೊಡ್ಡ ಊಟ. ಖಾಲಿ ಹೊಟ್ಟೆಗೆ ಒಮ್ಮೆಲೇ ಹೊಟ್ಟೆಬಿರಿಯ ತಿಂದರೆ ಭೇದಿ ಗ್ಯಾರಂಟಿ. ಭಾರ ಎತ್ತೋದು ತ್ರಯೋದಶಿಗೆ.

---

ಇಸಾಂಪುರದಕಲ್ಲು

ಜೋಳ ಬಿಟ್ಟಿದ್ದಕ್ಕೆ ಸಂಕಟ ಇದ್ದಂಗಿದೆ, ಹೆಸರು ನೋಡಿದರೆ. ಶಿಲಾಯುಗದವರು ಧಾನ್ಯ ಮುಟ್ಟೇ ಇರಲಿಲ್ಲ ಅನ್ನೋದನ್ನ ಪೂರ್ತಿ ನಂಬಬೇಡಿ. ಮೊಜಾಂಬಿಕ್‌ನ ಎನ್‌ಗಾಲುಯೆ ಗುಹೆಯಲ್ಲಿ ಸಿಕ್ಕ, ಸುಮಾರು ಒಂದು ಲಕ್ಷ ವರ್ಷ ಹಳೆಯ ಕಲ್ಲಿನ ಉಪಕರಣಗಳ ಮೇಲೆ ಕಾಡುಜೋಳದ ಪಿಷ್ಟದ ಕಣಗಳಿದ್ದವು ಅಂತ 2009ರಲ್ಲಿ ಪ್ರಕಟವಾಗಿದೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ, ಇಸಾಂಪುರದಲ್ಲಿ ಕೈಕೊಡಲಿ ಮಾಡಿದವರ ಕಲ್ಲು ಉಳಿದಿದೆ, ಪ್ರಾಣಿಗಳ ಮೂಳೆ-ಹಲ್ಲು ಉಳಿದಿದೆ. ಗೆಡ್ಡೆ, ಸೊಪ್ಪು, ಬೀಜ ಅಷ್ಟು ಕಾಲ ಮಣ್ಣಲ್ಲಿ ಉಳಿಯೋದು ಅಪರೂಪ. ಮೂಳೆ ಮಾತ್ರ ಸಿಕ್ಕಿತು ಅಂತ ಅವರು ಮಾಂಸ ಮಾತ್ರ ತಿಂದರು ಅನ್ನೋಕೆ ಬರಲ್ಲ. ಅದಕ್ಕೆ ಬಹಳ ಈಚೆ, ಬಳ್ಳಾರಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಹುರುಳಿ, ಹೆಸರು, ಕೊರಲೆ ಬೆಳೀತಿದ್ದರು. ಪ್ಯಾಲಿಯೊದಿಂದ ಪ್ಯಾಕೆಟ್ ತಿಂಡಿ ತಪ್ಪುತ್ತೆ, ಅದು ನಿಜವಾದ ಲಾಭ. ರೊಟ್ಟಿಯನ್ನ ವಿಷದ ಪಟ್ಟಿಗೆ ಸೇರಿಸೋಕೆ ಆಧಾರ ಇಲ್ಲ.

---

ಗರಡಿಮನೆ

ಹಾಗಂತ ನಾಳೆಯೇ ಎಲ್ಲವನ್ನೂ ತಿರುವಿಹಾಕಬೇಡಿ, ಯಾವುದರಿಂದ ಸರಿಹೋಯ್ತು ಗೊತ್ತಾಗಲ್ಲ. ಉಪ್ಪು ಮತ್ತು ನೀರು ಇವತ್ತಿಂದಲೇ, ತಲೆಸುತ್ತು ನಾಲ್ಕೈದು ದಿನದಲ್ಲಿ ಬಿಡಬೇಕು. ಪ್ರೋಟೀನ್ ದಿನಕ್ಕೆ 20 ಗ್ರಾಂನಂತೆ ಏರಿಸಿ ನಾಲ್ಕನೇ ದಿನ 120 ಮುಟ್ಟಿ, ಒಮ್ಮೆಲೇ ಹಾಕಿದರೆ ಹೊಟ್ಟೆ ಭಾರ. ಎರಡನೇ ವಾರ ಜಿಮ್ ದಿನಗಳಲ್ಲಿ ಗೆಡ್ಡೆ, ಹಣ್ಣಿಂದ ಪಿಷ್ಟ 130-150 ಗ್ರಾಂ, ಓಟದ ದಿನ 80-100. ಆ ವಾರ ಡೆಡ್‌ಲಿಫ್ಟ್ 80 ಕೆಜಿಗೆ ಇಳಿಸಿ ಐದರಂತೆ ಮೂರು ಸುತ್ತು ಮಾಡಿ, ಆಮೇಲೆ ವಾರಕ್ಕೆ ಎರಡೂವರೆ ಕೆಜಿ ಸೇರಿಸ್ತಾ ಹೋಗಿ.

ತೂಕವನ್ನ ವಾರಕ್ಕೆ ಮೂರು ದಿನ ಬೆಳಿಗ್ಗೆ ಶೌಚವಾದ ಮೇಲೆ ನೋಡಿ ಸರಾಸರಿ ಬರೆದಿಡಿ. ಪಿಷ್ಟ ಸೇರಿಸಿದ ವಾರ ಒಂದೊಂದೂವರೆ ಕೆಜಿ ಏರುತ್ತೆ, ಅದು ವಾಪಸ್ ಬಂದ ನೀರು, ಗಾಬರಿಯಾಗಿ ಗೆಣಸು ಬಿಡಬೇಡಿ. ಹೊಕ್ಕುಳದ ನೇರಕ್ಕೆ ಟೇಪ್ ಹಿಡಿದು ಸೊಂಟದ ಅಳತೆ ತಗೊಳ್ಳಿ, ಕೊಬ್ಬು ಇಳೀತಿದೆಯಾ ಅಂತ ಅದರಲ್ಲಿ ತಿಳಿಯುತ್ತೆ. ಆರು ವಾರ ಕಳೆದು ಭಾರವೂ ಏರಿ ಸೊಂಟವೂ ಇಳಿದಿದ್ದರೆ, ಜಿಮ್ ದಿನದ ರಾತ್ರಿ ಊಟಕ್ಕೆ ಒಂದು ಜೋಳದ ರೊಟ್ಟಿ ಸೇರಿಸಿ ಹತ್ತು ದಿನ ನೋಡಿ. ಹೊಟ್ಟೆ ಉಬ್ಬರ ಇಲ್ಲ, ಅಳತೆ ಏರಿಲ್ಲ ಅಂದ್ರೆ ಅದು ತಟ್ಟೇಲೇ ಇರಲಿ.