ಕೈಗಡಿಯಾರ ಕೊಟ್ಟ ದೋಸೆ

ಲಾಲ್‌ಬಾಗ್‌ನಲ್ಲಿ ಅರ್ಧ ಗಂಟೆ ನಡೆದು ನಾವು ನಾಲ್ವರೂ ದರ್ಶಿನಿಗೆ ಬಂದಾಗ ಗಂಟೆ ಎಂಟು. ರಾಯರು ಮಣಿಕಟ್ಟು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡಿ, ಆಗಲೇ 600 ಕ್ಯಾಲೊರಿ ಕರಗಿದೆ. ಬೆಣ್ಣೆ ಮಸಾಲೆ ತಿನ್ನೋಕೆ ವಾಚೇ ಪರ್ಮಿಷನ್ ಕೊಟ್ಟಿದೆ."

"ಎಂಟು ಗಂಟೆಗೇ 600 ಹೇಗ್ರೀ? ನಡುರಾತ್ರಿ ಎದ್ದು ಓಡಿದಿರಾ?" ಎಂದರು ಗೌಡ್ರು.

ಮೇಷ್ಟ್ರು ನಿವೃತ್ತರಾದರೂ ಪಾಠ ನಿಂತಿಲ್ಲ. "ಅದು ರಾತ್ರಿ ಹನ್ನೆರಡರಿಂದ ಶುರುವಾದ ಲೆಕ್ಕ. ಸುಮ್ನೆ ಮಲಗಿದ್ದರೂ ಎದೆ ಬಡಿಯಬೇಕು, ಉಸಿರಾಡಬೇಕು. 75 ಕೆ.ಜಿ. ತೂಕದ, ಅರವತ್ತರ ಗಂಡಸಿಗೆ ಅಷ್ಟಕ್ಕೇ ದಿನಕ್ಕೆ ಸುಮಾರು 1500 ಬೇಕು. ಎಂಟು ಗಂಟೆಗೆ 500 ಆಯ್ತಲ್ಲ."

"ಅಂದ್ರೆ ನಾನು ನಡೆದದ್ದು?"

"ಬರೀ 100. ದೋಸೆ ಮೇಲೆ ಕರಗೋ ಒಂದು ದೊಡ್ಡ ಚಮಚ ಬೆಣ್ಣೆಗೆ ಅದು ಸರಿಹೋಯ್ತು. ದೋಸೆ, ಪಲ್ಯ, ಚಟ್ನಿ ಎಲ್ಲ ಸಾಲ."

ರಾಯರ ಮುಖ ಬಾಡಿತು. ಗೌಡ್ರಿಗೆ ಇನ್ನೂ ಮಜಾ. "ಆ 100 ಆದರೂ ನಿಜಾನಾ? ನಗೆಕೂಟದವರ ಜೊತೆ ಚಪ್ಪಾಳೆ ತಟ್ಟಿದ್ದನ್ನೂ ಹೆಜ್ಜೆ ಅಂತ ಬರ್ಕೊಂಡಿರುತ್ತೆ!"

"ಬರ್ಕೊಂಡರೂ ಬರ್ಕೊಂಡೀತು," ಎಂದರು ಮೇಷ್ಟ್ರು. "ಕೈ ಅಲ್ಲಾಡೋದನ್ನು ನೋಡಿ ಹೆಜ್ಜೆ ಎಣಿಸುತ್ತೆ. ಅಡಿಯಲ್ಲಿ ಹಸಿರು ದೀಪ ಇದೆಯಲ್ಲ, ಅದರಿಂದ ರಕ್ತದ ಏರಿಳಿತ ನೋಡಿ ನಾಡಿ ಹಿಡಿಯುತ್ತೆ. ಅದರಲ್ಲಿ ಪರವಾಗಿಲ್ಲ. ಕ್ಯಾಲೊರಿ ಮಾತ್ರ ಅಂದಾಜು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು 60 ಜನರಿಗೆ ಕಟ್ಟಿ ನೋಡಿದರು. ನಾಡಿಯಲ್ಲಿ ಆರು ಪಾಸು, ತಪ್ಪು ಶೇ. 5ರೊಳಗೆ. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಜಾಣ ಅನಿಸಿಕೊಂಡದ್ದೇ ಸರಾಸರಿ ಶೇ. 27 ತಪ್ಪಿತ್ತು."

"ಇಷ್ಟು ದುಡ್ಡು ಕೊಟ್ಟದ್ದು ದಂಡವಾ ಹಾಗಾದ್ರೆ?"

"ಛೆ, ಇಲ್ಲ. ತಪ್ಪಿದರೂ ಹೆಚ್ಚುಕಡಿಮೆ ಒಂದೇ ಥರ ತಪ್ಪುತ್ತೆ. ಹೋದ ವಾರಕ್ಕಿಂತ ಈ ವಾರ ಜಾಸ್ತಿ ನಡೆದಿರಾ ಅಂತ ನೋಡಿಕೊಳ್ಳಿ. ಅದನ್ನು ಹೋಟೆಲ್ ಬಿಲ್‌ಗೆ ಜಮಾ ಮಾಡಬೇಡಿ, ಅಷ್ಟೇ."

ನನಗೆ ಒಂದು ಅನುಮಾನ ಬಂತು. ಈ ವಾಚು ಮೊದಲೇ ವಯಸ್ಸು, ಎತ್ತರ, ತೂಕ ಕೇಳಿಕೊಂಡು ತಾನೇ ಲೆಕ್ಕ ಹಾಕೋದು?

"ರಾಯರೇ, ತೂಕ ಎಷ್ಟು ಅಂತ ಕೊಟ್ಟಿದ್ದೀರಿ?"

"75."

"ಈಗ ಎಷ್ಟಿದ್ದೀರಿ?"

ರಾಯರು ದೋಸೆ ಕಾವಲಿಯ ಕಡೆ ನೋಡಿದರು. "83... ಇರಬಹುದು."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಸರಿಯಾದ ತೂಕ ಹಾಕಿ ಮಾರಾಯ್ರೇ. ಭಾರ ಹೆಚ್ಚಾದಷ್ಟೂ ಖರ್ಚೂ ಹೆಚ್ಚು ತೋರಿಸುತ್ತೆ."

"ಹೆಚ್ಚು ತೋರಿಸುತ್ತಾ?" ರಾಯರು ಫೋನ್ ತೆಗೆದು ಅಲ್ಲೇ 83 ಎಂದು ಒತ್ತಿದರು. ಆಮೇಲೆ ಕೌಂಟರ್ ಕಡೆ ತಿರುಗಿ, "ಒಂದು ಉದ್ದಿನವಡೆನೂ ಸೇರಿಸ್ಕೊಳ್ಳಪ್ಪಾ," ಎಂದರು.