ಒಬ್ಬರದೇ ನೋವಿನ ಹೊಸ್ತಿಲು ಬೆಳಿಗ್ಗೆ 40 ವೋಲ್ಟ್, ಆಮೇಲೆ 26: ತಪ್ಪು ಎಲ್ಲಿದೆ?

ಪ್ರಶ್ನೆ

ಮುಂಗೈಯ ಒಳಬದಿಗೆ ಎರಡು ಎಲೆಕ್ಟ್ರೋಡ್ ಅಂಟಿಸಿ 0.2 ಮಿಲಿಸೆಕೆಂಡಿನ ವಿದ್ಯುತ್ ಪಲ್ಸ್ ಕೊಡುತ್ತೇನೆ. ಚುರುಚುರು ಎನ್ನುವುದು ನೋವಾಗುವ ಹಂತದ ವೋಲ್ಟೇಜನ್ನು, ಅಂದರೆ ನೋವಿನ ಹೊಸ್ತಿಲನ್ನು, ಬರೆದುಕೊಳ್ಳುತ್ತೇನೆ. ಉಪಕರಣ ಬ್ಯಾಟರಿಯದು, ಮನುಷ್ಯರ ಮೇಲೆ ಬಳಸಲೆಂದೇ ತಯಾರಾದದ್ದು. ಅದೇ ವ್ಯಕ್ತಿ, ಅದೇ ಜಾಗ. ಬೆಳಿಗ್ಗೆ 40 ವೋಲ್ಟ್, ಮೆಟ್ಟಿಲು ಹತ್ತಿ ಬಂದ ಮೇಲೆ 26. ನೋವು ತಾಳುವ ಶಕ್ತಿ ಇಷ್ಟು ಬೇಗ ಕುಸಿಯುತ್ತದೆಯೇ? ಇನ್ನೊಂದು ಗೊಂದಲ: ಮಲ್ಟಿಮೀಟರ್ ಚರ್ಮದ ರೋಧವನ್ನು ಐದು ಲಕ್ಷ ಓಮ್ ಎನ್ನುತ್ತದೆ. ಆ ಲೆಕ್ಕದಲ್ಲಿ 40 ವೋಲ್ಟಿಗೆ ಹರಿಯಬೇಕಾದದ್ದು 0.08 ಮಿಲಿಆಂಪಿಯರ್. ಅಷ್ಟಕ್ಕೇ ನೋವಾಗುವುದು ಹೇಗೆ?

ಉತ್ತರ 1

ಕುಸಿದಿರುವುದು ಬಹುಮಟ್ಟಿಗೆ ಚರ್ಮದ ರೋಧ. ನರವನ್ನು ಕೆರಳಿಸುವುದು ಅದರ ಸುತ್ತ ಹರಿಯುವ ಕರೆಂಟ್. ನೀವು ವೋಲ್ಟೇಜನ್ನು ಹಿಡಿದಿಟ್ಟರೆ ಎಷ್ಟು ಕರೆಂಟ್ ಒಳಗೆ ಹೋಗಬೇಕೆಂದು ಚರ್ಮವೇ ತೀರ್ಮಾನಿಸುತ್ತದೆ. ಮೇಲಿನ ಸತ್ತ ಕೋಶಗಳ ಪದರ ಮುಂಗೈಯಲ್ಲಿ 0.01–0.02 ಮಿಲಿಮೀಟರಿನಷ್ಟು ತೆಳು, ಆದರೂ ರೋಧದ ಸಿಂಹಪಾಲು ಅದರದೇ. ಬೆವರು ಉಪ್ಪುನೀರು. ಬೆವರಿನ ನಾಳಗಳು ತುಂಬಿಕೊಂಡರೆ ಆ ಪದರದಲ್ಲಿ ನೂರಾರು ಒಳದಾರಿಗಳು ತೆರೆದಂತೆ.

ಮಲ್ಟಿಮೀಟರಿನ ಅಂಕಿಯನ್ನು ದಯವಿಟ್ಟು ಬದಿಗಿಡಿ. ಅದು ಏಕಮುಖ ವಿದ್ಯುತ್ತಿನಲ್ಲಿ ಅಳೆಯುತ್ತದೆ. ಸತ್ತ ಪದರ ಕೆಪಾಸಿಟರಿನಂತೆಯೂ (ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ ಸಾಧನ) ವರ್ತಿಸುವುದರಿಂದ ಚುಟುಕು ಪಲ್ಸಿಗೆ ಅದು ಅಷ್ಟು ದೊಡ್ಡ ಅಡ್ಡಿಯಲ್ಲ, ನಿಜವಾಗಿ ಹರಿಯುವುದು ನಿಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು. ಸರಣಿಯಲ್ಲಿ 100 ಓಮಿನ ರೆಸಿಸ್ಟರ್ ಹಾಕಿ, ಅದರ ಮೇಲಿನ ವೋಲ್ಟೇಜನ್ನು ಬ್ಯಾಟರಿಯ ಆಸಿಲ್ಲೋಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ನೋಡಿ. 1 ಮಿಲಿಆಂಪಿಯರಿಗೆ 100 ಮಿಲಿವೋಲ್ಟ್ ಸಿಗುತ್ತದೆ. ಪಲ್ಸಿನ ಆರಂಭದಲ್ಲಿ ಗೆರೆ ಸೂಜಿಯಂತೆ ಏರಿ ಕೂಡಲೇ ಇಳಿಯುತ್ತದೆ. ಆ ಕೆಪಾಸಿಟರ್ ತುಂಬಿಕೊಳ್ಳುವ ಗಳಿಗೆ ಅದು.

ಸ್ಥಿರ ಕರೆಂಟಿನ ಉಪಕರಣಕ್ಕೆ (ಚರ್ಮದ ರೋಧ ಬದಲಾದರೂ ನಿಗದಿ ಮಾಡಿದಷ್ಟೇ ಕರೆಂಟ್ ಹರಿಸುವಂಥದು) ಬದಲಾಯಿಸಿ, ಹೊಸ್ತಿಲನ್ನು ಮಿಲಿಆಂಪಿಯರಿನಲ್ಲೇ ಬರೆಯಿರಿ. ಎರಡೂ ಎಲೆಕ್ಟ್ರೋಡ್ ಒಂದೇ ಕೈಯಲ್ಲಿರಲಿ, ಪೇಸ್‌ಮೇಕರ್ ಇರುವವರ ಮೇಲೆ ಪ್ರಯೋಗ ಬೇಡವೇ ಬೇಡ.

ಪ್ರಶ್ನೆ ಕೇಳಿದವರು

ಬದಲಾಯಿಸಿದೆ. ವಿಶ್ರಾಂತಿಯಲ್ಲಿ 4.2, ಮೆಟ್ಟಿಲು ಹತ್ತಿದ ಮೇಲೆ 3.9 ಮಿಲಿಆಂಪಿಯರ್. ಬಹಳ ನೆಮ್ಮದಿಯಾಯಿತು. ಆದರೆ ನಿನ್ನೆ ಇದ್ದಕ್ಕಿದ್ದಂತೆ 7 ಬಂತು!

ಉತ್ತರ 2

ನನಗೆ ಎರಡು ಅನುಮಾನ. ಚರ್ಮ ತೀರಾ ಒಣಗಿದ್ದರೆ ಉಪಕರಣ ತನ್ನ ವೋಲ್ಟೇಜಿನ ಮೇಲ್ಮಿತಿ ಮುಟ್ಟಿರುತ್ತದೆ. ಡಯಲಿನಲ್ಲಿ 7 ಇದ್ದರೂ ಅಷ್ಟು ಹರಿದಿರುವುದಿಲ್ಲ. ವೋಲ್ಟೇಜಿನ ಗೆರೆ ಓರೆಯಾಗಿ ಏರುತ್ತಾ ನಡುವೆ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ, ಅದೇ ಹೊತ್ತಿಗೆ ಕರೆಂಟ್ ಇಳಿದರೆ ಇದೇ ಕಾರಣ. ಇಲ್ಲವಾದರೆ ಎಲೆಕ್ಟ್ರೋಡ್ ಎತ್ತಿ ನೋಡಿ, ಅದರಡಿ ಹಚ್ಚಿದ ವಿದ್ಯುತ್ ಹರಿಸುವ ಜೆಲ್ ಹೊರಗೆ ಹರಡಿದೆಯೇ? ಹರಡಿದರೆ ಅಷ್ಟೇ ಕರೆಂಟ್ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚುಚ್ಚು ಕಡಿಮೆಯಾಗುತ್ತದೆ. ಸ್ಥಿರ ಕರೆಂಟ್ ಮೊತ್ತವನ್ನು ಕಾಯುತ್ತದೆ, ಹಂಚಿಕೆಯನ್ನು ಕಾಯುವುದಿಲ್ಲ. ಒಣ ಚರ್ಮದಲ್ಲಿ ಅದು ಕೆಲವೇ ಬೆವರು ನಾಳಗಳಲ್ಲಿ ನುಗ್ಗಿ ಮುಳ್ಳು ಚುಚ್ಚಿದಂತೆ ಮಾಡುವುದೂ ಉಂಟು. ಅದಕ್ಕೇ ಪ್ರತಿ ಸಲ ಆಲ್ಕೋಹಾಲಿನಿಂದ ಒರೆಸಿ, ಆರಲು ಬಿಟ್ಟು, ಹತ್ತು ನಿಮಿಷ ಕಾದು ಶುರು ಮಾಡಿ. ನೋವಿನ ನಿರೀಕ್ಷೆಯೇ ಬೆವರು ತರಿಸುತ್ತದೆ. ಆದ್ದರಿಂದ ಮೊದಲ ಒಂದೆರಡು ಸುತ್ತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಜೆಲ್ಲೇ! ಎಲೆಕ್ಟ್ರೋಡಿನ ಅಂಚಿನಾಚೆ ಬೆರಳಗಲ ಮಿನುಗುವ ಉಂಗುರ. ಒರೆಸಿ ಹೊಸದನ್ನು ಹಚ್ಚಿದ ಮೇಲೆ ಮೂರು ಸುತ್ತಿನಲ್ಲಿ 4.1, 4.3, 4.1. ಹಳೆಯ ವೋಲ್ಟ್ ಪಟ್ಟಿಯನ್ನು ಪೂರ್ತಿ ಕೈಬಿಟ್ಟು ಮೊದಲಿನಿಂದ ಅಳೆಯುತ್ತೇನೆ.