ಕೋಟೆ ಮೇಲೆ ನಶ್ಯ

ದಕ್ಷಿಣ ಕೊರಿಯಾದ ಸುವೊನ್ ಊರಲ್ಲಿ ಹ್ವಾಸೊಂಗ್ ಕೋಟೆ ಹತ್ತಿ ಇನ್ನೂ ಉಸಿರು ಬಿಟ್ಟಿರಲಿಲ್ಲ. ಸೀನು ಹೆಬ್ಬೆರಳಿಗೆ ತೋರುಬೆರಳು ಒತ್ತಿ ಮೊಬೈಲ್ ಕಡೆ ಚಾಚಿದ.

"ಏನೋ ಅದು, ನಶ್ಯನಾ?" ಅಂದೆ.

"ಹಾರ್ಟ್ ಕಣೋ! ಕೊರಿಯಾ ಸ್ಟೈಲು."

"ನಮ್ಮ ತಾತ ದಿನಕ್ಕೆ ಹತ್ತು ಸಲ ಮಾಡ್ತಿದ್ರು. ಒಂದು ಲೈಕೂ ಬರಲಿಲ್ಲ. ಅವರಿಗೆ ನಶ್ಯ ಆದ ಮೇಲೆ ಸೀನು. ಇಲ್ಲಿ ಸೀನು ಮೊದಲೇ ಬಂದುಬಿಟ್ಟಿದ್ದಾನೆ."

ಗೋಡೆ ಸುತ್ತಿದರೆ ಸುಮಾರು 5.7 ಕಿಲೋಮೀಟರ್. ಸೀನುದು ಗೋಪುರಕ್ಕೊಂದು ಚಿಟಿಕೆ. ಉತ್ತರದ ಬಾಗಿಲು ಜಾಂಗಾನ್‌ಮುನ್ ಬರುವಷ್ಟರಲ್ಲಿ ಅರ್ಧ ಡಬ್ಬಿ ಖಾಲಿ.

"1794ರಲ್ಲಿ ಶುರು, 1796ಕ್ಕೆ ಮುಗಿದಿದೆ," ಪದ್ದಿ ಫಲಕ ಓದಿದಳು.

"ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಿಗೇ ನಾಲ್ಕು ವರ್ಷ ಆಯ್ತು," ಅಂದ ನಾಣಿ.

"ಇವರು ಯಾವ ಊರಿನ ಕಲ್ಲುಕುಟಿಗ ಎಷ್ಟು ದಿನ ದುಡಿದ ಅಂತ ಹೆಸರು ಸಮೇತ ಬರೆದಿಟ್ಟಿದ್ದಾರೆ," ಅಂದೆ. "ಕೊರಿಯಾ ಯುದ್ಧದಲ್ಲಿ ಹಾಳಾದ ಈ ಬಾಗಿಲನ್ನ 1970ರ ದಶಕದಲ್ಲಿ ಆ ದಾಖಲೆ ನೋಡಿಯೇ ಮತ್ತೆ ಕಟ್ಟಿದ್ದು. ಕುಟಿಗನ ಹೆಸರು ಇನ್ನೂರು ವರ್ಷ ಉಳೀತು. ಸೀನು ಸ್ಟೇಟಸ್ 24 ಗಂಟೆ."

"ಹೊಟ್ಟೆಕಿಚ್ಚು!" ಅಂತ ಇನ್ನೊಂದು ಚಿಟಿಕೆ.

ಪದ್ದಿ ಚಿತ್ರಾನ್ನದ ಡಬ್ಬಿ ತೆಗೆದಳು. ಈ ಊರು ಗಾಲ್ಬಿಗೆ, ಅಂದರೆ ಕೆಂಡದ ಮೇಲೆ ಸುಟ್ಟ ಪಕ್ಕೆಲುಬಿಗೆ ಹೆಸರುವಾಸಿ. ನಾಣಿ ಮುಖವನ್ನು ಡಬ್ಬಿ ಕಡೆ ತಿರುಗಿಸಿದ, ಮೂಗು ಮಾತ್ರ ಪೇಟೆ ಕಡೆಯೇ ಇತ್ತು.

ಕೆಳಗೆ ಅರಮನೆಯಲ್ಲಿ ಒಂದು ಮರದ ಪೆಟ್ಟಿಗೆ. ಸೀನು ಪಕ್ಕಕ್ಕೆ ನಿಂತು ಬೆರಳು ಎತ್ತಿದ.

"ಅಕ್ಕಿ ಪೆಟ್ಟಿಗೆ ಕಣೋ," ಅಂದೆ. "1762ರಲ್ಲಿ ಸಾದೊ ಯುವರಾಜನನ್ನ ಅವರಪ್ಪ, ಆಗಿನ ದೊರೆ, ಇಂಥದ್ದರಲ್ಲೇ ಹಾಕಿ ಮುಚ್ಚಿಸಿದ. ಎಂಟು ದಿನಕ್ಕೆ ಪ್ರಾಣ ಹೋಯ್ತು. ಅಪ್ಪನ್ನ ಬಿಡಿ ಅಂತ ಬೇಡಿಕೊಂಡ ಮಗನಿಗೆ ಆಗ ಹತ್ತು ವರ್ಷ. ಅವನೇ ಮುಂದೆ ಜೊಂಗ್‌ಜೊ ದೊರೆ. ಅಪ್ಪನ ಸಮಾಧಿಗೆ ಒಳ್ಳೆ ಜಾಗ ಬೇಕು ಅಂತ ಅಲ್ಲಿದ್ದ ಊರನ್ನೇ ಎತ್ತಿ ಇಲ್ಲಿಗೆ ತಂದ. ಆಮೇಲೆ ಈ ಕೋಟೆ ಕಟ್ಟಿಸಿದ."

ಯಾರೂ ಮಾತಾಡಲಿಲ್ಲ. ನಮ್ಮಜ್ಜಿ ಮನೆಯಲ್ಲಿದ್ದ ಪೆಟ್ಟಿಗೆಯಷ್ಟೇ ಇತ್ತು. ಕಣ್ಣಾಮುಚ್ಚಾಲೆಯಲ್ಲಿ ನಾನೂ ಒಳಗೆ ಕೂತಿದ್ದೆ, ಎಣಿಸಿ ಇಪ್ಪತ್ತರವರೆಗೆ.

ಸೀನುವಿನ ಬೆರಳು ಮೊಬೈಲ್ ಕಡೆ ಹೋಗಲಿಲ್ಲ, ಮೂಗಿನ ಕಡೆ ಹೋಯಿತು.

"ಏನೋ?" ಅಂದಳು ಪದ್ದಿ.

"ಏನಿಲ್ಲ. ನಶ್ಯ ಸ್ವಲ್ಪ ಜಾಸ್ತಿ ಆಯ್ತು."